ಹಳದಿಗೆ ತಿರುಗದ ನೀರು

ಗಾಜಿನ ನಳಿಗೆಗೆ ಕೊನೆಯ ಬೀದಿಯ ನಲ್ಲಿ ನೀರು ತುಂಬಿ, ಮದ್ದಿನ ಹನಿ ಬಿಟ್ಟು, ಬೆಳಕಿಗೆ ಹಿಡಿದೆ. ಬಣ್ಣ ಬರಲಿಲ್ಲ. ನೀರಿನಲ್ಲಿ ಒಂದಿಷ್ಟು ಕ್ಲೋರಿನ್ ಉಳಿದಿದ್ದರೂ ಆ ಹನಿಗೆ ಅದು ತೆಳು ಹಳದಿಗೆ ತಿರುಗಬೇಕು. ನಳಿಗೆ ತೊಳೆದು ಮತ್ತೊಮ್ಮೆ ಹಿಡಿದೆ. ಆಗಲೂ ನೀರು ಇದ್ದ ಹಾಗೇ ಇತ್ತು. ಬಿಂದಿಗೆಗಳನ್ನು ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸರು ನನ್ನ ಕೈಯನ್ನೇ ನೋಡುತ್ತಿದ್ದರು.

"ಮುಗೀತೇನಮ್ಮ ನಿಮ್ ಪರೀಕ್ಷೆ? ನಾವ್ ಹಿಡ್ಕಳಾದಾ ಬ್ಯಾಡ್ವಾ?" ಎಂದಳು ಮುಂದಿದ್ದವಳು.

ಹಿಡಿದುಕೊಳ್ಳಿ, ಆದರೆ ಕುದಿಸಿ ಆರಿಸಿ ಕುಡಿಯಿರಿ ಎಂದೆ. ಅವಳು ಬಿಂದಿಗೆಯನ್ನು ನಲ್ಲಿಯ ಕೆಳಗೆ ತಳ್ಳುತ್ತಾ, "ಸೌದೆ ನೀವ್ ತಂದ್ಕೊಡ್ತೀರಾ?" ಎಂದಳು. ನಳಿಗೆಯನ್ನು ಚೀಲಕ್ಕೆ ಹಾಕಿಕೊಂಡೆ. ಮೊಪೆಡ್ ಹತ್ತಿ ನೇರ ಫಿಲ್ಟರ್ ಹೌಸಿಗೆ ಹೋದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಸಕಲೇಶಪುರ, ಆಲೂರುಗಳ ನಡುವಣ ಗುಡ್ಡಸಾಲಿನ ಒಂದು ಸಣ್ಣ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಹೊಣೆ ಕಿರಿಯ ಎಂಜಿನಿಯರಾಗಿದ್ದ ನನ್ನ ಮೇಲಿತ್ತು. ಹೆತ್ತೂರು ಕಡೆಯ ಗುಡ್ಡಗಳಿಂದ ಇಳಿದು ಬರುವ ಒಂದು ಹೊಳೆಯೇ ನಮಗೆ ಆಧಾರ. ಮಳೆಗಾಲ ಕಳೆದ ಮೇಲೆ ಹೊಳೆಗೆ ಅಡ್ಡಲಾಗಿದ್ದ ಕಲ್ಲಿನ ಒಡ್ಡಿನ ನಡುಗಂಡಿಗೆ ಮರದ ಹಲಗೆಗಳನ್ನು ಇಳಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿ ನೀರು ನಿಲ್ಲಿಸುತ್ತಿದ್ದೆವು. ಹಾಗೆ ನಿಂತ ಮಡುವಿನ ನೀರು ದಡದ ಜಾಕ್‌ವೆಲ್‌ ಎಂಬ ಆಳವಾದ ಬಾವಿಗೆ ಬರುತ್ತಿತ್ತು. ಅಲ್ಲಿಂದ ಪಂಪು ಅದನ್ನು ದಿಬ್ಬದ ಮೇಲಿನ ಫಿಲ್ಟರ್ ಹೌಸಿಗೆ ಏರಿಸುತ್ತಿತ್ತು. ಅಲ್ಲಿ ಪಟಿಕ ಬೆರೆಸಿ ಗಸಿ ಕೂರಿಸುವುದು, ಮರಳಿನ ಹಾಸಿನಲ್ಲಿ ಸೋಸುವುದು, ಬ್ಲೀಚಿಂಗ್ ಪೌಡರ್ ಕಲಸಿದ ನೀರು ಬಿಟ್ಟು ಓವರ್‌ಹೆಡ್ ಟ್ಯಾಂಕಿಗೆ ತುಂಬುವುದು. ಇಷ್ಟೇ ನಮ್ಮ ಜಗತ್ತು. ಅದು ಸರಿಯಾಗಿ ನಡೆದಷ್ಟು ದಿನ ಊರಿನಲ್ಲಿ ಯಾರಿಗೂ ನಮ್ಮ ನೆನಪಾಗುತ್ತಿರಲಿಲ್ಲ.

ಪಂಪ್ ಆಪರೇಟರ್ ಬೀಡಿ ಎಸೆದು ಎದ್ದು ನಿಂತ. ಬ್ಲೀಚಿಂಗ್ ಹಾಕಿಲ್ಲವೇನು ಎಂದು ನಾನು ಕೇಳಿದ್ದೇ ತಡ, ಅವನ ಮುಖ ಕೆಂಪಾಯಿತು.

"ದ್ಯಾವ್ರಾಣೆ ಹಾಕಿವ್ನಿ ಮೇಡಂ. ದಿನಾ ಹಾಕಾಕಿಂತ ಒಂದ್ ಹಿಡಿ ಜಾಸ್ತೀನೇ ಹಾಕಿವ್ನಿ. ಬೆಳಗ್ಗೆ ನೀರು ಯಾಕೋ ಒಂಥರಾ ವಾಸ್ನೆ ಬತ್ತಿತ್ತು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಬ್ಲೀಚಿಂಗ್ ತೊಟ್ಟಿಯ ತಳದಲ್ಲಿ ಬಿಳಿ ಗಸಿ ಹಸಿಯಾಗಿಯೇ ಇತ್ತು. ಅಂದರೆ ಹಾಕಿದ ಕ್ಲೋರಿನ್ನನ್ನು ದಾರಿಯಲ್ಲೇ ಏನೋ ತಿಂದು ಮುಗಿಸುತ್ತಿತ್ತು. ಇಬ್ಬರೂ ದಿಬ್ಬ ಇಳಿದು ಜಾಕ್‌ವೆಲ್‌ ಕಡೆ ನಡೆದೆವು. ದೂರದಿಂದಲೇ ಹುಳಿ ಬಂದ ಬೆಲ್ಲದಂಥ ವಾಸನೆ ಮೂಗಿಗೆ ಹೊಡೆಯಿತು. ಮಡುವಿನ ನೀರು ಕಂದುಬಣ್ಣಕ್ಕೆ ತಿರುಗಿತ್ತು. ಒಡ್ಡಿನ ಅಂಚಿನಲ್ಲಿ ನೊರೆ ಕೆನೆಗಟ್ಟಿ ನಿಂತಿತ್ತು. ಕಲ್ಲಿನ ಸಂದಿಯಲ್ಲಿ ನಾಲ್ಕಾರು ಸಣ್ಣ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಪಲ್ಪರ್ ನೀರು ಮೇಡಂ. ಮ್ಯಾಲೆ ಯಾರೋ ಬುಟ್ಬುಟ್ಟವ್ರೆ" ಎಂದ ಆಪರೇಟರ್.

ಅದು ಕಾಫಿ ಕುಯ್ಲಿನ ಕಾಲ. ಕಿತ್ತ ಹಣ್ಣನ್ನು ಅದೇ ದಿನ ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸುತ್ತಾರೆ, ಬೀಜಕ್ಕೆ ಅಂಟಿದ ಲೋಳೆಯನ್ನು ತೊಳೆಯುತ್ತಾರೆ. ತೊಳೆದ ಆ ನೀರು ಸಕ್ಕರೆಯ ಅಂಶದಿಂದ ದಪ್ಪಗಿರುತ್ತದೆ, ಬೇಗ ಕೊಳೆಯುತ್ತದೆ. ಅದನ್ನು ತೋಟದಲ್ಲೇ ಹೊಂಡ ತೋಡಿ ನಿಲ್ಲಿಸಬೇಕು. ಹೊಳೆ ಸೇರಿದರೆ ನೀರಿನ ಉಸಿರನ್ನೇ ಅದು ಹೀರಿಬಿಡುತ್ತದೆ. ಕ್ಲೋರಿನ್ ಎಷ್ಟು ಹಾಕಿದರೂ ಆ ಕೊಳೆಯನ್ನು ಸುಡುವುದಕ್ಕೇ ಖರ್ಚಾಗಿ, ರೋಗಾಣುಗಳ ಪಾಲಿಗೆ ಏನೂ ಉಳಿಯುವುದಿಲ್ಲ. ಹೊಳೆಯ ದಂಡೆಯುದ್ದಕ್ಕೂ ಎಸ್ಟೇಟುಗಳ ಆಳುಗಳು ವಾಸವಿದ್ದ ಕೂಲಿ ಲೈನುಗಳಿದ್ದವು. ಅಲ್ಲಿನ ಕೊಚ್ಚೆಯೆಲ್ಲ ಕೊನೆಗೆ ಸೇರುತ್ತಿದ್ದದ್ದು ಈ ನೀರನ್ನೇ. ನನಗೆ ಹೆದರಿಕೆ ಇದ್ದದ್ದು ಕಂದುಬಣ್ಣದ ಬಗ್ಗೆ ಅಲ್ಲ, ಕಣ್ಣಿಗೆ ಕಾಣದೆ ಬರುತ್ತಿದ್ದ ಇದರ ಬಗ್ಗೆ.

ಮಧ್ಯಾಹ್ನದವರೆಗೂ ಜಾರ್ ಪರೀಕ್ಷೆ ಮಾಡಿದೆ. ಸಾಲಾಗಿಟ್ಟ ಗಾಜಿನ ಪಾತ್ರೆಗಳಲ್ಲಿ ಹೊಳೆ ನೀರು ತುಂಬಿ, ಒಂದಕ್ಕಿಂತ ಒಂದಕ್ಕೆ ಪಟಿಕ ಹೆಚ್ಚಿಸಿ, ಕದಡಿ, ಬಿಟ್ಟು ನೋಡುವುದು. ಸರಿಯಾದ ಪ್ರಮಾಣ ಸಿಕ್ಕರೆ ಹತ್ತಿಯ ಎಸಳಿನಂತೆ ಗಸಿ ಒಟ್ಟುಗೂಡಿ ತಳಕ್ಕಿಳಿಯುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ. ಅವತ್ತು ಯಾವ ಪಾತ್ರೆಯಲ್ಲೂ ಎಸಳು ಕಟ್ಟಲಿಲ್ಲ. ಸುಣ್ಣ ಸೇರಿಸಿದೆ. ಒಂದು ಪಾತ್ರೆಯಲ್ಲಿ ಏನೋ ಕೂತಂತಾಯಿತು, ಬಣ್ಣ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಆಪರೇಟರ್ ಕೂಗಿದ. ಮರಳಿನ ಹಾಸು ಕಟ್ಟಿಕೊಂಡಿತ್ತು, ನೀರು ಕೆಳಗಿಳಿಯದೆ ಮೇಲೇ ನಿಂತಿತ್ತು. ಹಾಸನ್ನು ತೊಳೆಯಬೇಕೆಂದರೆ ಕೆಳಗಿನಿಂದ ಸೋಸಿದ ನೀರನ್ನೇ ರಭಸವಾಗಿ ನುಗ್ಗಿಸಬೇಕು. ಇದ್ದ ಸ್ವಲ್ಪ ಒಳ್ಳೆಯ ನೀರು ಅದಕ್ಕೆ ಖರ್ಚಾಯಿತು. ತೊಳೆದ ಹಾಸು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕಟ್ಟಿಕೊಂಡಿತು.

ಬ್ಲೀಚಿಂಗನ್ನು ಮೂರು ಪಟ್ಟು ಮಾಡೋಣವೆಂದು ಡ್ರಮ್ಮುಗಳ ಮುಚ್ಚಳ ತೆಗೆಸಿದೆ. ಹಿಂದಿನ ಮಳೆಗಾಲದ ಥಂಡಿ ಹಿಡಿದು ಪುಡಿ ಹೆಂಟೆಗಟ್ಟಿತ್ತು. ಅದಕ್ಕಿರಬೇಕಾದ ಘಾಟೇ ಇರಲಿಲ್ಲ. ಕಲಸಿ ಬಿಟ್ಟೆವು. ನಳಿಗೆಯಲ್ಲಿ ಹಳದಿಯ ನೆರಳು ಕಂಡಂತಾಗಿ ಮಾಯವಾಯಿತು.

ಹಾಸನದ ಮೇಲಧಿಕಾರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, ಮಾದರಿ ಕಳಿಸಿ, ಪ್ರಯೋಗಾಲಯದ ವರದಿ ಬರಲಿ, ಅಲ್ಲಿಯವರೆಗೆ ಸರಬರಾಜು ನಿಲ್ಲಿಸಬೇಡಿ ಎಂದರು. ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ಮಾಡಿದೆ. ವಾಂತಿಭೇದಿ, ಕಾಮಾಲೆ ಅಂಥವು ಸದ್ಯ ಯಾವುದೂ ಬಂದಿಲ್ಲ ಎಂದರು. ಇಟ್ಟುಬಿಡುವ ಮೊದಲು, "ಬರೋಕೆ ಶುರುವಾದರೆ ನನ್ನ ಹತ್ರ ಹಾಸಿಗೆ ಇಲ್ಲ, ನೋಡಿಕೊಳ್ಳಿ" ಎಂದೂ ಸೇರಿಸಿದರು.

ವರದಿ ಬರುವ ಹೊತ್ತಿಗೆ ಊರೆಲ್ಲ ಆ ನೀರು ಕುಡಿದಿರುತ್ತಿತ್ತು. ಟ್ಯಾಂಕ್ ಆಗಲೇ ತುಂಬಿ ನಿಂತಿತ್ತು. ಅದರಲ್ಲಿದ್ದದ್ದು ವಿಷ ಎಂದು ಹೇಳುವ ಆಧಾರ ನನ್ನಲ್ಲಿರಲಿಲ್ಲ. ಒಳ್ಳೆಯದು ಎಂದು ಹೇಳುವ ಆಧಾರವೂ ಇರಲಿಲ್ಲ. ನಮ್ಮ ಕೆಲಸದಲ್ಲಿ ಈ ಎರಡನೆಯದೇ ಲೆಕ್ಕಕ್ಕೆ ಬರುವುದು ಎಂದುಕೊಂಡು ವಾಲ್ವು ಮುಚ್ಚಿಸಿದೆ. ಮುಚ್ಚಿದ ವಾಲ್ವನ್ನು ಯಾರಾದರೂ ತೆರೆಯಬಹುದಿತ್ತು. ಆದ್ದರಿಂದ ಟ್ಯಾಂಕಿನ ತಳದ ಕೊಳವೆಯನ್ನೂ ಬಿಚ್ಚಿಸಿದೆ. ಒಂದು ಊರು ಕುಡಿಯುವಷ್ಟು ನೀರು ಭೋರೆಂದು ಚರಂಡಿಗೆ ಬಿತ್ತು.

ಸದ್ದು ಕೇಳಿ ಜನ ಓಡಿ ಬಂದರು. ಕೆಲವರು ಚರಂಡಿಗೇ ಕೊಡ ಒಡ್ಡಲು ಹೋದರು. ಆಪರೇಟರ್ ಅಡ್ಡ ನಿಂತು ತಡೆದ. ಬೆಳಿಗ್ಗೆ ನಲ್ಲಿಯ ಬಳಿ ನನ್ನನ್ನು ಸೌದೆ ಕೇಳಿದ್ದವಳು ಖಾಲಿ ಬಿಂದಿಗೆಯನ್ನು ನನ್ನ ಕಾಲ ಬಳಿ ಕುಕ್ಕಿದಳು.

"ಕುಡ್ಯಾಕೆ ಬ್ಯಾಡ ಅಂದ್ರೆ ಬ್ಯಾಡ. ಬಟ್ಟೆ ಒಗ್ಯಾಕಾದ್ರೂ ಆಗ್ತಿತ್ತಲ್ಲ! ಹಿಂಗ್ ಚೆಲ್ತಾರಾ ಯಾರಾದ್ರೂ? ನಿಮ್ ಮನೇಲಿ ಬಾವಿ ಐತೆ, ನಿಮ್ಗೇನು!"

ನನ್ನ ಬಾಡಿಗೆ ಮನೆಯಲ್ಲಿ ಬಾವಿ ಇದ್ದದ್ದು ನಿಜ.

ಅಧ್ಯಕ್ಷರು ಜೀಪಿನಲ್ಲಿ ಬಂದರು. ಪಟ್ಟಣ ಪಂಚಾಯ್ತಿಯ ಅಧ್ಯಕ್ಷರು ಅಂದರೆ ಊರಿನ ಪಾಲಿಗೆ ಅವರೇ ಸರ್ಕಾರ. ಹಿಂದಿನ ಬೇಸಿಗೆಯಲ್ಲಿ ನೀರು ಬರಲಿಲ್ಲವೆಂದು ಜನ ರಸ್ತೆ ತಡೆದು ಅವರ ಮನೆಯ ಕಿಟಕಿಗೆ ಕಲ್ಲು ಹೊಡೆದಿದ್ದರು. ಆ ಭಯ ಅವರನ್ನು ಬಿಟ್ಟಿರಲಿಲ್ಲ.

"ಯಾರಿಗಮ್ಮಾ ಕಾಯಿಲೆ ಬಂದಿರಾದು? ಒಬ್ಬರ ಹೆಸರು ಹೇಳು."

"ಯಾರಿಗೂ ಬಂದಿಲ್ಲ ಸಾರ್."

"ಮತ್ತೆ? ನಾಳೆ ಸಂತೆ ಕಣಮ್ಮ. ಸುತ್ತಿನ ಜನ ಎಲ್ಲಾ ಬತ್ತಾರೆ. ಹೋಟ್ಲಿನೋರು ನನ್ನ ಕುತ್ತಿಗೆ ಹಿಡೀತಾರೆ."

"ಅದಕ್ಕೇ ಸಾರ್. ನಾಳೆ ಆ ಜನ ಈ ನೀರು ಕುಡಿದು ತಮ್ಮ ತಮ್ಮ ಊರಿಗೆ ಹೋದರೆ, ಆಮೇಲೆ ಯಾರನ್ನು ಎಲ್ಲಿ ಹುಡುಕೋದು?"

ಅವರು ಚರಂಡಿಯಲ್ಲಿ ಹರಿಯುತ್ತಿದ್ದ ನೀರನ್ನು ನೋಡುತ್ತಾ ನಿಂತರು. ಕೊನೆಗೆ ದನಿ ತಗ್ಗಿಸಿ, "ಇದು ನಿನ್ನ ಜವಾಬ್ದಾರಿ. ನನ್ನ ಕೇಳಿ ಮಾಡಿದ್ದಲ್ಲ" ಎಂದರು. "ನಂದೇ ಸಾರ್" ಎಂದೆ. ಒಂದು ಕೆಲಸವನ್ನು ಮಾತ್ರ ಅವರು ತಡಮಾಡದೆ ಮಾಡಿದರು. ರೈಸ್ ಮಿಲ್ಲಿನ ಬೋರ್‌ವೆಲ್‌ನಿಂದ ಒಂದು ಟ್ಯಾಂಕರ್ ತುಂಬಿಸಿ ಆಸ್ಪತ್ರೆಗೂ ಮಕ್ಕಳ ಹಾಸ್ಟೆಲ್ಲಿಗೂ ಕಳಿಸಿದರು. ಉಳಿದ ಊರು ಬಾವಿ ಇದ್ದವರ ಮನೆಗಳ ಮುಂದೆ ಸಾಲು ನಿಂತಿತು.

ಮಾರನೆಯ ಬೆಳಿಗ್ಗೆ ಹೊಳೆ ಇನ್ನೂ ಕಂದಾಗಿಯೇ ಇತ್ತು. ಅಧ್ಯಕ್ಷರ ಜೀಪು ಕೇಳಿ ಪಡೆದು ನಾನೂ ಆಪರೇಟರೂ ಮೇಲಕ್ಕೆ ಹೊರಟೆವು. ಹುಡುಕುವ ರೀತಿ ಸುಲಭ. ಹೊಳೆಗೆ ಹಳ್ಳ ಬಂದು ಸೇರುವಲ್ಲೆಲ್ಲ ಇಳಿದು, ಎರಡೂ ಕಡೆಯ ನೀರನ್ನು ಬಾಟಲಿಗೆ ತುಂಬಿ, ಬಿಳಿ ಬಟ್ಟೆಯ ಮುಂದೆ ಹಿಡಿದು ನೋಡುವುದು. ಕಂದಾಗಿರುವ ಕಡೆ ಹತ್ತುವುದು. ಹೇಳುವುದಕ್ಕೆ ಸುಲಭ, ದಾರಿ ಸುಲಭವಾಗಿರಲಿಲ್ಲ. ಹಳ್ಳಗಳೆಲ್ಲ ತೋಟಗಳ ಒಳಗೇ ಹರಿಯುತ್ತಿದ್ದವು. ಮೊದಲ ಎಸ್ಟೇಟಿನ ಗೇಟಿನಲ್ಲಿ ತೋಟದ ಲೆಕ್ಕ ನೋಡುವ ರೈಟರ್ ನಮ್ಮನ್ನು ತಡೆದ. ನಾನು ಹೊಂಡ ತೋರಿಸಿ ಎಂದದ್ದು ಅವನಿಗೆ ಅವಮಾನವಾಯಿತು. ಆದರೂ ತೋರಿಸಿದ. ಹೊಂಡ ಗಟ್ಟಿಯಾಗಿತ್ತು, ಪಲ್ಪರ್ ಇನ್ನೂ ಶುರುವೇ ಆಗಿರಲಿಲ್ಲ. ಕ್ಷಮೆ ಕೇಳಿ ಹೊರಬಂದೆವು. ಮುಂದಿನ ಕವಲಿನಲ್ಲಿ ಅವಸರಕ್ಕೆ ತಪ್ಪು ಹಳ್ಳ ಹಿಡಿದು ಏರಿ, ತಿಳಿನೀರು ಕಂಡು, ಮತ್ತೆ ಇಳಿದೆವು.

ಬಿಸಿಲು ನೆತ್ತಿಗೇರುವಾಗ ಜಾಗ ಸಿಕ್ಕಿತು. ಇಳಿಜಾರಿನ ಅಂಚಿನಲ್ಲಿದ್ದ ಹೊಂಡದ ಏರಿ ಒಂದು ಕಡೆ ಕುಸಿದು, ಅಲ್ಲಿಂದ ಹಳ್ಳದವರೆಗೂ ಕಂದು ಲೋಳೆಯ ದಾರಿ ಬಿದ್ದಿತ್ತು. ಕುಸಿದ ಕಡೆ ಹೊಸ ಮಣ್ಣು ಹಾಕಿದ್ದರು. ಅದು ಆಗಲೇ ಒದ್ದೆಯಾಗಿ ಜಿನುಗುತ್ತಿತ್ತು. ಮೇಲೆ ಪಲ್ಪರಿನ ಗಡಗಡ ಸದ್ದು.

ಕಣದಲ್ಲಿ ನಿಂತು ಆಳುಗಳಿಗೆ ಹೇಳಿ ಕೆಲಸ ಮಾಡಿಸುತ್ತಿದ್ದವರು ಐವತ್ತು ದಾಟಿದ ಹೆಂಗಸು. ಗಂಡ ಹಾಸಿಗೆ ಹಿಡಿದ ಮೇಲೆ ತೋಟವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಆಳುಗಳು ಅವರನ್ನು ಅಮ್ಮಾವ್ರು ಎನ್ನುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಅವರಿಗೆ ವಿಷಯ ಅರ್ಥವಾಯಿತು.

"ಮೊನ್ನೆ ಸಂಜೆ ಒಡೀತು. ಏಡಿ ತೂತು ಮಾಡಿದ್ವು ಅಂತ ಕಾಣುತ್ತೆ. ತಕ್ಷಣ ಮಣ್ಣು ಹಾಕಿಸಿದೀನಿ" ಎಂದರು. "ಹರಿಯೋ ನೀರಲ್ವಾ, ತೇಲ್ಕೊಂಡು ಹೋಗಿಬಿಡುತ್ತೆ ಅನ್ಕೊಂಡೆ."

"ಹೋಗಿಲ್ಲಮ್ಮ. ನಮ್ಮ ಒಡ್ಡಿನ ಹಿಂದೆ ಬಂದು ನಿಂತುಬಿಟ್ಟಿದೆ. ನಿನ್ನೆಯಿಂದ ಊರಿಗೆ ನೀರಿಲ್ಲ."

ಅವರ ಹಿಂದೆ ಕೆಂಪು ಹಣ್ಣಿನ ರಾಶಿ ಬಿದ್ದಿತ್ತು. ಅದನ್ನು ಅಂದೇ ಪಲ್ಪರಿಗೆ ಹಾಕದಿದ್ದರೆ ಹುಳಿ ಬಂದು ಕೆಡುತ್ತದೆ. ಸಿಪ್ಪೆಸಮೇತ ಹಾಗೇ ಒಣಗಿಸಬಹುದು, ಆದರೆ ಬೆಲೆ ಇಳಿಯುತ್ತದೆ, ಕಣವೂ ಸಾಲದು. ಪಲ್ಪರ್ ನಿಲ್ಲಿಸಿ ಎಂದರೆ ಅವರಿಂದ ಏನನ್ನು ಕೇಳಿದಂತಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆಪರೇಟರ್ ನನ್ನ ಕಿವಿಯ ಹತ್ತಿರ ಬಗ್ಗಿ, "ಕೇಸ್ ಹಾಕ್ತೀವಿ ಅನ್ನಿ ಮೇಡಂ. ಪೋಲೀಸ್ ಅಂದ್ರೆ ದಾರಿಗೆ ಬತ್ತಾರೆ" ಎಂದ.

ಅದು ಅಮ್ಮಾವ್ರಿಗೂ ಕೇಳಿಸಿತು. "ಹಾಕ್ರಪ್ಪ. ಗೇಟಿಗೆ ಬೀಗ ಜಡೀತೀನಿ, ಕೋರ್ಟಿನಲ್ಲಿ ನೋಡ್ಕೊಳೋಣ" ಎಂದರು. ದನಿ ಏರಿರಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಕೇಸು ಹಾಕುವ ಹಕ್ಕು ನಮಗಿತ್ತು. ಹಾಕಿದರೆ ಅದು ವರ್ಷಗಟ್ಟಲೆ ನಡೆಯುತ್ತಿತ್ತು, ಬಹುಶಃ ನಾವೇ ಗೆಲ್ಲುತ್ತಿದ್ದೆವು. ನನಗೆ ಬೇಕಿದ್ದದ್ದು ನಾಳೆಯ ನೀರು. ಹೊಳೆಯನ್ನು ನೋಡುತ್ತಾ ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಮಡುವಿನಲ್ಲಿ ನಿಂತ ಕೊಳೆಯನ್ನು ಸೋಸಿ ಶುದ್ಧ ಮಾಡುವ ಮಾತೇ ಇರಲಿಲ್ಲ. ಒಡ್ಡಿನ ಹಲಗೆ ಕಿತ್ತು ಪೂರ್ತಿ ಹೊರಗೆ ಬಿಡಬೇಕು. ಆದರೆ ಆ ತಿಂಗಳಲ್ಲಿ ಹೊಳೆಯಲ್ಲಿದ್ದ ಸಣ್ಣ ಹರಿವಿಗೆ ಮಡು ಮತ್ತೆ ತುಂಬಲು ವಾರಗಳೇ ಬೇಕು. ಮೇಲಿನಿಂದ ಒಮ್ಮೆಲೇ ಒಳ್ಳೆಯ ನೀರು ಬರಬೇಕು. ಬರುವುದಕ್ಕೆ ಒಂದೇ ಜಾಗವಿತ್ತು. ಪಲ್ಪರ್ ಶೆಡ್ಡಿನ ಮೇಲ್ಗಡೆ, ಎರಡು ಗುಡ್ಡಗಳ ನಡುವೆ ಅಮ್ಮಾವ್ರ ಕೆರೆ ತುಂಬಿ ಹೊಳೆಯುತ್ತಿತ್ತು.

ನಾನು ಆ ಕಡೆ ನೋಡಿದ್ದನ್ನು ಅವರು ನೋಡಿದರು.

"ಅದು ಹೂವಿನ ನೀರು ಕಣಮ್ಮ" ಎಂದರು.

ಅದು ನನಗೂ ತಿಳಿದಿತ್ತು. ಕಾಫಿ ಮೊಗ್ಗು ಬಲಿತು ಕಾಯುವ ಹೊತ್ತಿಗೆ ಒಂದು ಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ತೋಯಿಸಬೇಕು. ಎರಡೂ ಇಲ್ಲದಿದ್ದರೆ ಮೊಗ್ಗು ಸುಟ್ಟು ಮುಂದಿನ ವರ್ಷದ ಫಸಲೇ ಇಲ್ಲ. ಆ ಕೆರೆ ಮಳೆ ಕೈಕೊಟ್ಟರೆ ಅವರಿಗಿದ್ದ ಒಂದೇ ಆಸರೆ.

ವಾದ ಮಾಡಿ ಗೆಲ್ಲುವ ದಾರಿ ನನಗೆ ಕಾಣಲಿಲ್ಲ. "ಒಂದು ಸಲ ಕೆಳಗೆ ಬಂದು ನೋಡಿ ಅಮ್ಮ. ನೋಡಿ ಬೇಡ ಅಂದರೆ ನಾನೇ ವಾಪಸ್ ತಂದು ಬಿಡ್ತೀನಿ, ಮತ್ತೆ ಕೇಳೋದಿಲ್ಲ" ಎಂದೆ. ಆಪರೇಟರ್ ನನ್ನತ್ತ ಕಣ್ಣು ಬಿಟ್ಟ. ಅವರು ಒಮ್ಮೆ ಕೆರೆಯ ಕಡೆ, ಒಮ್ಮೆ ಹಣ್ಣಿನ ರಾಶಿಯ ಕಡೆ ನೋಡಿದರು. ಆಮೇಲೆ ಪಲ್ಪರ್ ನಿಲ್ಲಿಸುವಂತೆ ಆಳಿಗೆ ಕೈಸನ್ನೆ ಮಾಡಿ, ಇದ್ದ ಸೀರೆಯಲ್ಲೇ ಬಂದು ಜೀಪಿನಲ್ಲಿ ಕೂತರು.

ಮೊದಲು ಜಾಕ್‌ವೆಲ್‌ ತೋರಿಸಿ, ಒಡ್ಡಿನ ಹಲಗೆ ಕಿತ್ತು ಈ ಮಡುವನ್ನು ಖಾಲಿ ಮಾಡಬೇಕೆಂದು ವಿವರಿಸಿದೆ. ಆಮೇಲೆ ಕಟ್ಟಿಕೊಂಡ ಮರಳಿನ ಹಾಸು ತೋರಿಸಿದೆ. ಅವರು ಮೂಗಿಗೆ ಸೆರಗು ಹಿಡಿದು ನೋಡಿದರು. ಅಲ್ಲಿಂದ ಟ್ಯಾಂಕಿನ ಬಳಿ ಬಂದೆವು. ಅಂದು ಸಂತೆ. ಖಾಲಿ ಕೊಡಗಳ ಜೊತೆ ಸಂತೆಯ ಜನವೂ ಸೇರಿ ಅಧ್ಯಕ್ಷರನ್ನು ಸುತ್ತುಗಟ್ಟಿದ್ದರು. ನನ್ನನ್ನು ಕಂಡಿದ್ದೇ ಅಧ್ಯಕ್ಷರು ಗಂಟಲೇರಿಸಿ ಕೇಳಿದರು, "ಸಿಕ್ತೇನಮ್ಮ? ಯಾರ್ ತೋಟದ್ದು? ಹೇಳು, ಜನಾನೂ ಕೇಳಲಿ!"

ಜನರ ಸಿಟ್ಟನ್ನು ಬೇರೆ ಕಡೆ ತಿರುಗಿಸುವ ಅವಕಾಶ ಅವರಿಗೆ ಬೇಕಿತ್ತು. ಹೆಸರು ಹೇಳಿದ್ದರೆ ನನ್ನ ಮೇಲಿನ ಸಿಟ್ಟೂ ಅಲ್ಲಿಗೇ ಹೋಗುತ್ತಿತ್ತು. ಅಮ್ಮಾವ್ರು ನನ್ನ ಪಕ್ಕದಲ್ಲೇ ನಿಂತಿದ್ದರು. ಅಲ್ಲಿ ಯಾರಿಗೂ ಅವರ ಗುರುತು ಹತ್ತಿದಂತೆ ಕಾಣಲಿಲ್ಲ.

"ಗೊತ್ತಾಗಿದೆ ಸಾರ್. ಊರಿಗೆ ನೀರು ಬರಲಿ, ಆಮೇಲೆ ಹೇಳ್ತೀನಿ."

"ಯಾಕೆ? ದುಡ್ಡು ಇಸ್ಕೊಂಡವ್ರೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಗುಂಪು ಒತ್ತಿ ಬಂತು. ಆಪರೇಟರ್ ನನ್ನ ಮುಂದೆ ಬಂದು ನಿಂತ.

ಆಗ ಅಮ್ಮಾವ್ರು ಮಾತಾಡಿದರು. "ನಮ್ ತೋಟದ್ದೇ ಅಧ್ಯಕ್ಷರೇ. ಹೊಂಡ ಒಡೀತು. ಬೇಕೂಂತ ಬಿಟ್ಟಿದ್ದಲ್ಲ."

ಎಲ್ಲರಿಗಿಂತ ಮೊದಲು ಬಾಯಿಬಿಟ್ಟವಳು ಅದೇ ಬಿಂದಿಗೆಯವಳು.

"ಬೇಕೂಂತ ಬುಟ್ರೂ ಅಷ್ಟೇ, ಒಡ್ದೋದ್ರೂ ಅಷ್ಟೇ ಕಣಮ್ಮ. ಕೂಸು ತೊಳ್ಯಾಕೆ ನೀರಿಲ್ಲ ನಂಗೆ. ಏನ್ ಮಾಡಾನ ಹೇಳಿ ನೀವೇ."

ಅಮ್ಮಾವ್ರು ಅವಳನ್ನೂ ಅವಳ ಸೊಂಟದ ಮೇಲಿನ ಮಗುವನ್ನೂ ನೋಡಿದರು. ನನ್ನ ಕಡೆ ತಿರುಗಿ, "ಹಲಗೆ ಯಾವಾಗ ಕೀಳ್ತೀರಿ?" ಎಂದರು.

"ಈಗಲೇ. ನಿಮ್ಮ ನೀರು ಬರೋ ಮೊದಲೇ ಮಡು ಖಾಲಿಯಾಗಬೇಕು."

"ಸರಿ. ಹೊಂಡ ಗಟ್ಟಿಯಾಗೋವರೆಗೂ ಪಲ್ಪರ್ ನಿಂತೇ ಇರುತ್ತೆ. ನಾನು ಹೋಗಿ ತೂಬು ಎತ್ತಿಸ್ತೀನಿ."

ಅವರನ್ನು ಜೀಪಿನಲ್ಲಿ ಮೇಲಕ್ಕೆ ಕಳಿಸಿದೆ. ಒಡ್ಡಿನ ಕೆಳಗಿನ ಹಳ್ಳಿಗಳಲ್ಲಿ ದನ ನೀರಿಗಿಳಿಸಬೇಡಿ, ಹೊಳೆಯ ನೀರು ಮುಟ್ಟಬೇಡಿ ಎಂದು ಸಾರಿ ಬರಲು ಅಧ್ಯಕ್ಷರೇ ಇಬ್ಬರನ್ನು ಬೈಕಿನಲ್ಲಿ ಓಡಿಸಿದರು. ಅವರು ತಿರುಗಿ ಬಂದು ಹೇಳುವವರೆಗೂ ನಾನು ಹಲಗೆಗೆ ಕೈ ಹಾಕಿಸಲಿಲ್ಲ. ನಮ್ಮ ಊರಿನ ಕೊಳೆಯನ್ನು ಇನ್ನೊಂದು ಊರಿಗೆ ದಾಟಿಸುತ್ತಿದ್ದೇನೆ ಎಂಬುದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಕೆಳಗೆ ದೊಡ್ಡ ಹೊಳೆ ಸೇರಿದರೆ ತೆಳುವಾಗುತ್ತದೆ ಎಂಬುದಷ್ಟೇ ನನಗಿದ್ದ ಸಮಾಧಾನ.

ಮೇಲಿನ ಹಲಗೆಗಳು ಸಲೀಸಾಗಿ ಬಂದವು. ತಳದ ಹಲಗೆ ನೀರು ಕುಡಿದು ಉಬ್ಬಿ, ಕಲ್ಲಿನಲ್ಲಿ ಕೊರೆದ ಗೀರಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಆಪರೇಟರ್ ಕುತ್ತಿಗೆಮಟ್ಟ ಆ ಹೊಲಸಿಗೆ ಇಳಿದು ಹಾರೆ ಹಾಕಿ ಮೀಟಿದ. ಕದಲಲಿಲ್ಲ. ಹಗ್ಗ ಕಟ್ಟಿ ದಡದಿಂದ ಎಳೆದೆವು. ಹಗ್ಗ ಹರಿಯಿತು. ಸಂತೆಗೆ ಬಂದಿದ್ದ ನಾಲ್ಕೈದು ಜನ ಮೂಟೆ ಇಳಿಸಿ ಬಂದು ಕೈಗೂಡಿಸಿದರು. ಹೊಸ ಹಗ್ಗ, ಎರಡು ಹಾರೆ, ಎಲ್ಲರೂ ಒಟ್ಟಿಗೆ ಒಂದು ದಮ್ಮು. ಹಲಗೆ ಕಿತ್ತುಕೊಂಡು ಹೊರಬಂತು. ನೊರೆಗಟ್ಟಿದ ನೀರು ನುಗ್ಗಿ ಹೊರಟಿತು.

ಸಂಜೆಯ ಹೊತ್ತಿಗೆ ಮಡುವಿದ್ದ ಜಾಗದಲ್ಲಿ ಕರಿ ಕೆಸರು ಉಳಿದಿತ್ತು. ಜಾಕ್‌ವೆಲ್ಲಿನಲ್ಲಿ ಇಣುಕಿದರೆ ತಳದ ಕಲ್ಲು ಕಾಣುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಆ ಕಲ್ಲನ್ನು ನಾನು ನೋಡಿದ್ದು ಅದೇ ಮೊದಲು. ಮೇಲಿನಿಂದ ನೀರು ಬರದಿದ್ದರೆ ಊರಿಗೆ ಕೆಟ್ಟ ನೀರೂ ಇಲ್ಲದಂತೆ ಮಾಡಿದವಳು ನಾನೇ ಆಗುತ್ತಿದ್ದೆ. ಕತ್ತಲಾಗುವವರೆಗೂ ಕಾದೆವು. ಹೊಳೆಯ ಕಲ್ಲುಗಳ ನಡುವೆ ಎಂದಿನ ಸಣ್ಣ ಹರಿವು ಬಿಟ್ಟರೆ ಬೇರೇನೂ ಬರಲಿಲ್ಲ.

"ತೂಬು ಎತ್ತಿಲ್ಲ ಅನ್ಸುತ್ತೆ ಮೇಡಂ. ಮನೆಗೋದ್ಮೇಲೆ ಮನಸ್ಸು ತಿರುಗ್ತು ಕಣ್ರೀ ಅವ್ರಿಗೆ" ಎಂದ ಆಪರೇಟರ್.

ಬೆಳಕು ಹರಿದ ಮೇಲೆ ನೋಡೋಣ ಎಂದು ಹೇಳಿ ಮನೆಗೆ ಹೊರಟೆ.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅವನು ಆಗಲೇ ಒಡ್ಡಿನ ಮೇಲೆ ಕೂತಿದ್ದ. ದಾರಿಯ ಒಣ ಗುಂಡಿಗಳನ್ನೆಲ್ಲ ತುಂಬಿಕೊಂಡು ಬರಬೇಕಿದ್ದರಿಂದ ನೀರಿಗೆ ತಡವಾಗಿತ್ತು, ಅಷ್ಟೆ. ಮೊದಲು ತರಗೆಲೆ, ಕಡ್ಡಿ, ಕೆಮ್ಮಣ್ಣು ಬಂತು. ಹೊಳೆ ದಡದಿಂದ ದಡಕ್ಕೆ ಹರಡಿಕೊಂಡಿತು. ಆ ಕೆಂಪು ನೀರನ್ನೂ ಗಂಡಿಯಲ್ಲಿ ಹೋಗಲು ಬಿಟ್ಟೆವು. ತಳದ ಕಪ್ಪು ಕೆಸರನ್ನು ಅದೇ ತೊಳೆದುಕೊಂಡು ಹೋಯಿತು. ಎಷ್ಟು ಬಿಡಬೇಕು ಎಂಬುದೇ ಅವತ್ತಿನ ಕಷ್ಟದ ತೀರ್ಮಾನ. ಬೇಗ ಹಲಗೆ ಇಳಿಸಿದರೆ ಕೊಳೆ ಉಳಿಯುತ್ತದೆ. ತಡ ಮಾಡಿದರೆ ಕೆರೆಯ ನೀರೇ ದಾಟಿ ಹೋಗುತ್ತದೆ, ಇನ್ನೊಂದು ಕೆರೆ ಇಲ್ಲ. ಅಧ್ಯಕ್ಷರು ದಡದ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಾ, "ಹಾಕ್ಸಮ್ಮ, ಸಾಕು, ಹಾಕ್ಸು" ಎನ್ನುತ್ತಲೇ ಇದ್ದರು. ನಾನು ಮತ್ತೆ ಮತ್ತೆ ಬಾಟಲಿ ತುಂಬಿ, ಒಂದು ಚಿಟಿಕೆ ಒಳ್ಳೆಯ ಬ್ಲೀಚಿಂಗ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಹನಿ ಹಾಕಿ ನೋಡುತ್ತಿದ್ದೆ. ಹೊಸ ಪುಡಿ ಅಂದು ಬೆಳಿಗ್ಗೆ ಸಕಲೇಶಪುರದಿಂದ ಬಂದಿತ್ತು. ಮೊದಲ ಬಾಟಲಿಗಳಲ್ಲಿ ಹಳದಿ ಬಂದು ಹೋಯಿತು. ಬಣ್ಣ ನಿಲ್ಲುವ ಬಾಟಲಿ ಸಿಕ್ಕ ಕೂಡಲೇ ಕೈ ಎತ್ತಿದೆ. ಆಪರೇಟರ್ ಹಲಗೆ ಇಳಿಸಿದ.

ಮಡು ತುಂಬಿತು. ಜಾರ್ ಪರೀಕ್ಷೆಯಲ್ಲಿ ಗಸಿ ಎಸಳುಗಟ್ಟಿ ಇಳಿಯಿತು. ಮರಳಿನ ಹಾಸನ್ನು ತೊಳೆದು, ಟ್ಯಾಂಕಿನ ಒಳಗೋಡೆ ಉಜ್ಜಿಸಿ, ಕೊಳವೆಗಳಲ್ಲಿ ಕೂತ ಹಳೆಯ ನೀರನ್ನು ಪೂರ್ತಿ ಹರಿಯಬಿಟ್ಟು, ಅದರ ಮಾರನೆಯ ಬೆಳಿಗ್ಗೆ ವಾಲ್ವು ತೆಗೆಸಿದೆ. ಕೊನೆಯ ಬೀದಿಯ ಅದೇ ನಲ್ಲಿಯ ಬಳಿ ನಳಿಗೆ ಹಿಡಿದು ನಿಂತೆ. ನೀರು ಹಳದಿಗೆ ತಿರುಗಿತು. ಬಿಂದಿಗೆಯವಳು ಅದನ್ನು ನೋಡಿ, "ಹಳದಿ ಆದ್ರೆ ಕೆಟ್ಟಿದ್ದಾ?" ಎಂದು ಕೇಳಿದಳು. ಒಳ್ಳೆಯದು ಎಂದೆ. ಅವಳು ನಂಬಿದಳೋ ಇಲ್ಲವೋ, ಬಿಂದಿಗೆ ಒಡ್ಡಿದಳು.

ಊರಿನಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ. ಅದರಿಂದ ನನ್ನ ಮೇಲಿನ ದೂರು ಹೆಚ್ಚಿತು. ಏನೂ ಆಗದಿದ್ದ ನೀರನ್ನು ಚರಂಡಿಗೆ ಚೆಲ್ಲಿದಳು ಎಂದರು. ಟ್ಯಾಂಕನ್ನು ಯಾರ ಅಪ್ಪಣೆಯ ಮೇಲೆ ಖಾಲಿ ಮಾಡಿದಿರಿ ಎಂದು ಮೇಲಿನವರು ವಿವರಣೆ ಕೇಳಿದರು, ಕೊಟ್ಟೆ. ಪ್ರಯೋಗಾಲಯದ ವರದಿಯೂ ಕೊನೆಗೊಮ್ಮೆ ಬಂತು. ಆ ನೀರು ಕುಡಿಯಲು ಯೋಗ್ಯವಲ್ಲ ಎಂದು ಅದರಲ್ಲಿತ್ತು. ಅಷ್ಟು ಹೊತ್ತಿಗೆ ಅದನ್ನು ಓದುವ ಆಸಕ್ತಿ ಯಾರಿಗೂ ಉಳಿದಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಹಾಸನದಲ್ಲಿ ನಮ್ಮಂಥ ನೀರಿನ ಎಂಜಿನಿಯರುಗಳ ಸಭೆ ನಡೆಯಿತು. ಪಟ್ಟಣಗಳ ನೀರಿನ ಭದ್ರತೆಗೆ ಮುಖ್ಯವಾಗಿ ಏನು ಬೇಕು ಎಂದು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬರು ದೊಡ್ಡ ಟ್ಯಾಂಕ್ ಎಂದರು, ಒಬ್ಬರು ಇನ್ನೂ ಆಳದ ಬೋರ್‌ವೆಲ್, ಇನ್ನೊಬ್ಬರು ಹೇಮಾವತಿಯಿಂದ ನೇರ ಪೈಪು. ಎಲ್ಲವೂ ಬೇಕಾದವೇ. ನನ್ನ ಸರದಿ ಬಂದಾಗ, ಕುಯ್ಲಿನ ಕಾಲಕ್ಕೆ ಒಂದು ಜೀಪು ಮತ್ತು ಡೀಸೆಲ್ ಎಂದೆ. ಸಭೆ ನಕ್ಕಿತು. ತಮಾಷೆಗೆ ಹೇಳಿದ್ದಲ್ಲ. ನಮ್ಮ ನಕ್ಷೆಗಳೆಲ್ಲ ಜಾಕ್‌ವೆಲ್‌ನಿಂದ ಶುರುವಾಗುತ್ತಿದ್ದವು. ಹೊಳೆ ಮಾತ್ರ ಅದಕ್ಕೂ ಎಷ್ಟೋ ಮೇಲೆ, ಯಾರದ್ದೋ ಕಣದ ಹಿಂದೆ, ಯಾರದ್ದೋ ಹೊಂಡದ ಪಕ್ಕದಲ್ಲಿ ಶುರುವಾಗುತ್ತಿತ್ತು.

ಆ ವರ್ಷ ಹೂಮಳೆಗಾಗಿ ನಾನು ಕಾದಷ್ಟು ಯಾವ ತೋಟದವರೂ ಕಾದಿರಲಾರರು. ಬೆಳಗೋಡು ಕಡೆ ಬಿತ್ತಂತೆ ಎಂದು ಬಸ್ಸಿನವರು ಹೇಳಿದರು. ವನಗೂರು ಕಡೆಯೂ ಒಂದು ಹದ ಬಿತ್ತು. ಅಮ್ಮಾವ್ರ ಗುಡ್ಡದ ಮೇಲೆ ಮೋಡ ಕಟ್ಟಿ ಹೋಯಿತು, ಮಳೆ ಬೀಳಲಿಲ್ಲ. ಬಿದ್ದಾಗ ತಡವಾಗಿತ್ತು.

ಒಂದು ಭಾನುವಾರ ಬಸ್ಸು ಹಿಡಿದು ಹೋದೆ. ಅವರು ನನ್ನನ್ನು ಮೊದಲು ಹೊಂಡದ ಹತ್ತಿರ ಕರೆದುಕೊಂಡು ಹೋದರು. ಹಳೆಯದನ್ನು ಮುಚ್ಚಿಸಿ, ಹಳ್ಳದಿಂದ ದೂರದಲ್ಲಿ ಕಲ್ಲು ಕಟ್ಟಿಸಿ ಒಂದರ ಹಿಂದೊಂದು ಎರಡು ಹೊಸ ಹೊಂಡ ಮಾಡಿಸಿದ್ದರು. ನಾನು ಏರಿಯ ಮೇಲೆ ನಡೆದು, ಕಾಲಿನಿಂದ ತುಳಿದು ನೋಡಿದೆ. ಗಟ್ಟಿಯಾಗಿತ್ತು. ಅಲ್ಲಿಂದ ಕೆರೆಯ ಕೆಳಗಿನ ಇಳಿಜಾರಿಗೆ ಬಂದೆವು. ಸ್ಪ್ರಿಂಕ್ಲರ್ ಹಾಕಬೇಕಿದ್ದ ಜಾಗ ಅದು. ಗಿಡಗಳ ಗೆಣ್ಣುಗೆಣ್ಣಿನಲ್ಲೂ ಮೊಗ್ಗು ಕಪ್ಪಾಗಿ ಒಣಗಿ ಅಂಟಿಕೊಂಡಿದ್ದವು. ಅವರೇ ಮಾತು ತೆಗೆದರು.

"ನಿಮ್ ಊರಲ್ಲಿ ಯಾರಾದ್ರೂ ಇದನ್ನ ನೆನೆಸ್ಕೊಂತಾರೇನಮ್ಮ?"

ಸುಳ್ಳು ಹೇಳಬಹುದಿತ್ತು. "ಇಲ್ಲಮ್ಮ" ಎಂದೆ. "ಯಾರಿಗೂ ಏನೂ ಆಗಲಿಲ್ವಲ್ಲ."

ಅವರು ಒಂದು ರೆಂಬೆಯನ್ನು ಬಗ್ಗಿಸಿ, ಒಣ ಮೊಗ್ಗುಗಳನ್ನು ಬೆರಳಿನಿಂದ ಸವರಿ ಉದುರಿಸಿದರು.

"ಹಂಗಾದ್ರೆ ಸರಿಹೋಯ್ತು ಬಿಡು. ಬಾ, ಕಾಫಿ ಕುಡಿಯೋಣ" ಎಂದು ಮನೆಯ ಕಡೆ ಹೆಜ್ಜೆ ಹಾಕಿದರು.